ಒಂದೇ ಸಾಲ್ಟ್, ಹತ್ತು ಹೆಸರು: ಅಫೀಮಿನಿಂದ ಟ್ರಮಡಾಲ್‌ವರೆಗೆ

ಇವತ್ತಿನ ವಿಷಯ ನೋವಿನ ಗುಳಿಗೆ. ಅದರಲ್ಲೂ ಅಫೀಮಿನ ಬಳಗಕ್ಕೆ ಸೇರಿದ ನೋವಿನ ಔಷಧಿಗಳು. ಡಾಕ್ಟರುಗಳು ಇವನ್ನ ಓಪಿಯಾಯ್ಡ್ ಅಂತಾರೆ. ಇವುಗಳ ಹೆಸರು ಎಲ್ಲಿಂದ ಬಂತು, ಒಂದೇ ಔಷಧಿಗೆ ಅಷ್ಟೊಂದು ಹೆಸರು ಯಾಕೆ, ಆ ಹೆಸರು ಗೊತ್ತಿಲ್ಲದಿದ್ರೆ ಏನಾಗುತ್ತೆ, ಇದಿಷ್ಟು ಇವತ್ತಿನ ಮಾತು.

ನಾನು ಕಮಲನಗರದವನು. ಬೀದರ್ ಜಿಲ್ಲೆಯ ತುದಿ, ಕೆಲವೇ ವರ್ಷಗಳ ಹಿಂದೆ ಔರಾದದಿಂದ ಬೇರೆಯಾಗಿ ತಾಲ್ಲೂಕಾದ ಊರು. ಬೀದರ್‌ನಿಂದ ರೈಲು ಹತ್ತಿದ್ರೆ ಭಾಲ್ಕಿ, ಆಮೇಲೆ ಕಮಲನಗರ, ಅದರಾಚೆ ಮಹಾರಾಷ್ಟ್ರದ ಉದಗೀರ. ನಮ್ಮ ಕಡೆ ಮನುಷ್ಯನಿಗೆ ಮೂರು ಭಾಷೆ ಇರೋ ಹಾಗೆ ಕಾಯಿಲೆಗೂ ಮೂರು ಊರು. ಜ್ವರ ಬಂದ್ರೆ ಇಲ್ಲೇ ಸರ್ಕಾರಿ ದವಾಖಾನಿ. ಎಲುಬು ಮುರಿದ್ರೆ ಉದಗೀರ, ಇಲ್ಲ ಲಾತೂರ. ದೊಡ್ಡ ರೋಗ ಅಂದ್ರೆ ಹೈದರಾಬಾದ್, ಇಲ್ಲ ಸೊಲ್ಲಾಪುರ. ಒಂದೊಂದು ಊರಿನ ಚೀಟಿಯಲ್ಲೂ ಒಂದೊಂದು ಕಂಪನಿಯ ಹೆಸರು. ಕೊನೆಗೆ ಮನೆಯ ಗೂಡಿನಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಅರ್ಧ ಖಾಲಿಯಾದ ಸ್ಟ್ರಿಪ್‌ಗಳು. "ಬ್ಯಾನಿ ಗುಳಿಗಿ ಕೊಡು" ಅಂದ್ರೆ ಅದರಲ್ಲಿ ಕೈಗೆ ಸಿಕ್ಕಿದ್ದು.

ಆ ಚೀಲದೊಳಗಿನ ಬಹಳಷ್ಟು ಗುಳಿಗೆ ಸಾಧಾರಣವಾದವು. ಪ್ಯಾರಾಸಿಟಮಾಲ್, ಡೈಕ್ಲೊಫೆನಾಕ್ ಇಂಥವು. ಆದರೆ ಅವುಗಳ ನಡುವೆ ಒಂದೊಂದು ಸಲ ಟ್ರಮಡಾಲ್ ಇರುತ್ತೆ, ಟಪೆಂಟಡಾಲ್ ಇರುತ್ತೆ. ಇವು ಅಫೀಮಿನ ಕೆಲಸ ಮಾಡೋ ಔಷಧಿಗಳು. ಸರಿಯಾದ ಪ್ರಮಾಣದಲ್ಲಿ ಇವು ವರ. ಎರಡು ಹೆಸರಿನಲ್ಲಿ ಎರಡು ಪಟ್ಟು ಹೋದ್ರೆ ನಿದ್ದೆ ಗಾಢವಾಗುತ್ತೆ, ಉಸಿರಾಟ ನಿಧಾನವಾಗುತ್ತೆ, ನಿಂತೂ ಹೋಗಬಹುದು. ಹಾಗಾಗಿ ಹೆಸರು ಇಲ್ಲಿ ಬರೀ ಲೇಬಲ್ ಅಲ್ಲ.

ಮೊದಲು ಹೆಸರುಗಳ ಲೆಕ್ಕ

ಯಾವ ಔಷಧಿಗೂ ಮೂರು ಹೆಸರು. ಮೊದಲನೆಯದು ರಾಸಾಯನಿಕ ಹೆಸರು. ಅದು ಒಂದು ಸಾಲು ಉದ್ದ ಇರುತ್ತೆ, ಕೆಮಿಸ್ಟ್ರಿ ಓದಿದವರಿಗೆ ಬಿಟ್ಟು ಯಾರಿಗೂ ಬೇಡ. ಎರಡನೆಯದು ಜನರಿಕ್ ಹೆಸರು. ಟ್ರಮಡಾಲ್, ಮಾರ್ಫಿನ್, ಕೋಡೀನ್ ಇವೆಲ್ಲ ಜನರಿಕ್ ಹೆಸರು. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಇದನ್ನೇ "ಸಾಲ್ಟ್" ಅಂತಾರೆ. ಮೂರನೆಯದು ಬ್ರಾಂಡ್ ಹೆಸರು, ಅಂದ್ರೆ ಕಂಪನಿ ತನ್ನ ಮಾಲಿಗೆ ಇಟ್ಟ ಹೆಸರು. ಟ್ರಮಡಾಲ್ ಅನ್ನೋ ಒಂದು ಸಾಲ್ಟ್ ನಮ್ಮ ದೇಶದಲ್ಲಿ ಟ್ರಮಾಜಾಕ್ ಅಂತ ಸಿಗುತ್ತೆ, ಕಾಂಟ್ರಮಾಲ್ ಅಂತ ಸಿಗುತ್ತೆ, ಪ್ಯಾರಾಸಿಟಮಾಲ್ ಜೊತೆ ಸೇರಿ ಅಲ್ಟ್ರಾಸೆಟ್ ಅಂತಲೂ ಸಿಗುತ್ತೆ. ಇನ್ನೂ ಎಷ್ಟೋ ಹೆಸರುಗಳಿವೆ.

ನಮ್ಮೂರಲ್ಲೂ ಹೀಗೇ ಅಲ್ವಾ? ಆಧಾರ್ ಕಾರ್ಡಿನಲ್ಲಿ ಒಬ್ಬನ ಹೆಸರು ಒಂದು. ಮನೆಯಲ್ಲಿ ಪಪ್ಪು, ಗೆಳೆಯರ ನಡುವೆ ಇನ್ನೊಂದು, ಅಜ್ಜಿಯ ಊರಿಗೆ ಹೋದ್ರೆ ಮತ್ತೊಂದು. ಯಾವ ಹೆಸರಿನಿಂದ ಕರೆದ್ರೂ ಬರೋ ಮನುಷ್ಯ ಒಬ್ಬನೇ. ಸಾಲ ತೀರಿಸೋ ಹೊತ್ತಿಗೆ ಮಾತ್ರ ಆಧಾರ್ ಹೆಸರೇ ಬೇಕು. ಔಷಧಿಗೆ ಆ ಆಧಾರ್ ಹೆಸರೇ ಜನರಿಕ್. ಇದನ್ನ ಜಗತ್ತಿಗೆಲ್ಲ ಒಂದೇ ಮಾಡೋಕೆ ವಿಶ್ವ ಆರೋಗ್ಯ ಸಂಸ್ಥೆ 1950ರಲ್ಲಿ ನಿರ್ಣಯ ಮಾಡಿತು. ಮೊದಲ ಪಟ್ಟಿ 1953ರಲ್ಲಿ ಬಂತು. ಅಂದ್ರೆ ಈ ವ್ಯವಸ್ಥೆ ನಮ್ಮ ಅಜ್ಜಂದಿರಷ್ಟೇ ಹಳೆಯದು. ಅದಕ್ಕೂ ಮುಂಚೆ ಏನಿತ್ತು ಅನ್ನೋದೇ ನಿಜವಾದ ಕಥೆ.

ಅಫೀಮು ಬಂದ ದಾರಿ

ಗಸಗಸೆ ಎಲ್ಲರಿಗೂ ಗೊತ್ತು. ಹಬ್ಬದ ಪಾಯಸಕ್ಕೆ, ಮಸಾಲೆಗೆ ಹಾಕ್ತೀವಿ. ಅದೇ ಗಿಡದ ಹಸಿ ಕಾಯಿಗೆ ಗೀರು ಹಾಕಿದ್ರೆ ಹಾಲಿನಂಥ ರಸ ಒಸರುತ್ತೆ. ಅದು ಒಣಗಿ ಕಂದು ಅಂಟಾಗುತ್ತೆ. ಅದೇ ಅಫೀಮು. ಗ್ರೀಕರು ರಸಕ್ಕೆ "ಓಪೋಸ್" ಅಂತಿದ್ರು, ಈ ರಸಕ್ಕೆ "ಓಪಿಯಾನ್". ಅರಬ್ಬರ ಬಾಯಲ್ಲಿ ಅದು "ಅಫ್ಯೂನ್" ಆಯಿತು. ಪಾರಸಿ, ದಖ್ಖನಿ ದಾಟಿ ನಮ್ಮಲ್ಲಿಗೆ ಬರುವಾಗ "ಅಫೀಮು". ಉದಗೀರದ ಕಡೆ ಮರಾಠಿಯಲ್ಲಿ "ಅಫೂ". ಸಂಸ್ಕೃತ ಪಂಡಿತರು ಈ ಹೊರಗಿನ ಶಬ್ದಕ್ಕೆ "ಅಹಿಫೇನ" ಅಂತ ಹೊಸ ಅಂಗಿ ತೊಡಿಸಿದರು. ಅಹಿ ಅಂದ್ರೆ ಹಾವು, ಫೇನ ಅಂದ್ರೆ ನೊರೆ. ಹಾವಿನ ನೊರೆ! ಎರಡು ಸಾವಿರ ವರ್ಷಗಳಲ್ಲಿ ಒಂದೇ ವಸ್ತು ಎಷ್ಟು ಗಡಿ ದಾಟಿತು ಅನ್ನೋದು ಈ ಹೆಸರುಗಳಲ್ಲೇ ಇದೆ.

ನಮ್ಮ ದಖ್ಖನಿನ ಒಂದು ದಾಖಲೆ ಹೇಳ್ತೀನಿ. ಗಾರ್ಸಿಯಾ ದ ಒರ್ತಾ ಅನ್ನೋ ಪೋರ್ಚುಗೀಸ್ ವೈದ್ಯ ಗೋವಾದಲ್ಲಿದ್ದ. ಅಹಮದ್‌ನಗರದ ಬುರ್ಹಾನ್ ನಿಜಾಮ್ ಷಾನ ಆಸ್ಥಾನಕ್ಕೂ ಅವನು ಹೋಗಿ ಬರ್ತಿದ್ದ. 1563ರಲ್ಲಿ ಗೋವಾದಲ್ಲೇ ಅಚ್ಚಾದ ಅವನ ಪುಸ್ತಕದಲ್ಲಿ ನಮ್ಮ ನೆಲದ ಮದ್ದುಗಳ ವಿವರ ಇದೆ, ಅದರಲ್ಲಿ ಅಫೀಮಿಗೂ ಒಂದು ಅಧ್ಯಾಯ. ಅವನಿಗೂ ಆಗ ಹೆಸರಿನದೇ ತಲೆನೋವು: ಅರಬ್ಬರು ಹೀಗಂತಾರೆ, ಗುಜರಾತಿನವರು ಹಾಗಂತಾರೆ, ಇವೆಲ್ಲ ಒಂದೇನಾ ಬೇರೆ ಬೇರೆನಾ? ನಾಲ್ಕೂವರೆ ನೂರು ವರ್ಷ ಆಯಿತು. ಮೆಡಿಕಲ್ ಅಂಗಡಿಯ ಕೌಂಟರ್ ಮುಂದೆ ನಾವೂ ಅದನ್ನೇ ಕೇಳ್ತಾ ನಿಂತಿದ್ದೀವಿ.

ಆಮೇಲೆ ಬ್ರಿಟಿಷರು ಬಂದರು. ಗಾಜೀಪುರದಲ್ಲಿ 1820ರಲ್ಲಿ ಅಫೀಮು ಕಾರ್ಖಾನೆ ಶುರುವಾಯಿತು. ಅದು ಇವತ್ತಿಗೂ ಇದೆ, ಈಗ ಕೇಂದ್ರ ಸರ್ಕಾರದ ಕೈಯಲ್ಲಿ, ಔಷಧಿಗೆ ಬೇಕಾದ ಅಫೀಮಿಗಾಗಿ. ಆಗ ಮಾತ್ರ ಅದು ಚೀನಾಕ್ಕೆ ಹೋಗ್ತಿದ್ದ ವ್ಯಾಪಾರದ ಸರಕು. ನಮ್ಮ ಬೀದರ್ 1948ರವರೆಗೆ ನಿಜಾಮರ ಹೈದರಾಬಾದ್ ರಾಜ್ಯದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ನಿಜಾಮರ ಕಾಲದಲ್ಲಿ ಸೇಂದಿ, ಸಾರಾಯಿ ಹಾಗೆ ಅಫೀಮು ಕೂಡ ಆಬ್ಕಾರಿ ಇಲಾಖೆಯ ಆದಾಯ. ಸರ್ಕಾರದ ಕಣ್ಣಿಗೆ ಅದು ತೆರಿಗೆ. ಮಂಡಿ ನೋವಿನ ಮುದುಕನ ಕಣ್ಣಿಗೆ ಮದ್ದು.

ನೋವಿನ ಚರಿತ್ರೆಯಲ್ಲಿ ಹೈದರಾಬಾದಿಗೆ ಇನ್ನೊಂದು ಪುಟ ಇದೆ, ಅದು ಅಫೀಮಿನದಲ್ಲ, ಆದರೂ ಹೇಳ್ಲೇಬೇಕು. ಆಪರೇಷನ್ ಮಾಡುವಾಗ ಕ್ಲೋರೋಫಾರ್ಮ್ ಎಷ್ಟು ಸುರಕ್ಷಿತ ಅಂತ ಪರೀಕ್ಷಿಸೋಕೆ ಎಡ್ವರ್ಡ್ ಲಾರಿ ಅನ್ನೋ ಡಾಕ್ಟರ್ 1888 ಮತ್ತು 1889ರಲ್ಲಿ ಅಲ್ಲಿ ಎರಡು ಆಯೋಗ ನಡೆಸಿದರು. ಖರ್ಚು ನಿಜಾಮರದು. ಅದೇ ಹೈದರಾಬಾದಿನಲ್ಲಿ ರೂಪಾ ಬಾಯಿ ಫರ್ದೂನ್‌ಜಿ ಕ್ಲೋರೋಫಾರ್ಮ್ ಕೊಡುವ ವೈದ್ಯೆಯಾಗಿದ್ದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರ ಸಾಲಿನಲ್ಲಿ ಅವರ ಹೆಸರು ಬರುತ್ತೆ.

ಹೆಸರನ್ನ ಮಾರೋಕೆ ಶುರುಮಾಡಿದ್ದು ಯಾವಾಗ

ಅಫೀಮಿನ ತೊಂದರೆ ಏನಂದ್ರೆ ಒಂದು ಉಂಡೆಯ ಹಾಗೆ ಇನ್ನೊಂದು ಉಂಡೆ ಇರಲ್ಲ. ಒಂದರಲ್ಲಿ ಸತ್ವ ಜಾಸ್ತಿ, ಒಂದರಲ್ಲಿ ಕಡಿಮೆ. ಜರ್ಮನಿಯಲ್ಲಿ ಔಷಧಿ ಅಂಗಡಿಯೊಂದರ ಸಹಾಯಕ, ಇನ್ನೂ ಇಪ್ಪತ್ತೊಂದರ ಆಸುಪಾಸಿನ ಹುಡುಗ, ಫ್ರೆಡ್ರಿಕ್ ಸೆರ್ಟ್ಯೂರ್ನರ್, ಸುಮಾರು 1804ರ ಹೊತ್ತಿಗೆ ಅಫೀಮಿನೊಳಗಿನ ಸತ್ವವನ್ನ ಬೇರ್ಪಡಿಸಿದ. ಗ್ರೀಕರ ಕನಸಿನ ದೇವರು ಮಾರ್ಫಿಯಸ್ ಹೆಸರಿನಲ್ಲಿ ಅದಕ್ಕೆ ಮಾರ್ಫಿಯಂ ಅಂತ ಹೆಸರಿಟ್ಟ. ಅದೇ ಮಾರ್ಫಿನ್. 1827ರಲ್ಲಿ ಮರ್ಕ್ ಅದನ್ನ ವ್ಯಾಪಾರಕ್ಕೆ ತಯಾರಿಸೋಕೆ ಶುರುಮಾಡಿತು. 1832ರಲ್ಲಿ ಫ್ರಾನ್ಸಿನ ರೊಬಿಕೆ ಅಫೀಮಿನಿಂದಲೇ ಕೋಡೀನ್ ತೆಗೆದ. ಗ್ರೀಕಿನಲ್ಲಿ ಗಸಗಸೆ ಕಾಯಿಗೆ ಇರೋ ಹೆಸರಿಂದ ಅದು ಬಂತು. ಈಗ ತಕ್ಕಡಿಯಲ್ಲಿ ತೂಗಿ ಮಿಲಿಗ್ರಾಂ ಲೆಕ್ಕದಲ್ಲಿ ಕೊಡಬಹುದು. ನೋವಿನ ಔಷಧಿ ವಿಜ್ಞಾನವಾಗಿದ್ದು ಇಲ್ಲಿಂದ.

ವ್ಯಾಪಾರಿಗಳಿಗೆ ಮಾತ್ರ ಇದರಲ್ಲಿ ಒಂದು ತೊಡಕು ಇತ್ತು. ಮಾರ್ಫಿನ್ ಅನ್ನೋ ಹೆಸರು ಯಾರಪ್ಪನ ಆಸ್ತಿಯೂ ಅಲ್ಲ. ಯಾರು ಬೇಕಾದ್ರೂ ಮಾಡಿ ಮಾರಬಹುದು. ಹಾಗಾದ್ರೆ ಗಿರಾಕಿ ನನ್ನ ಬಾಟಲಿಯನ್ನೇ ಯಾಕೆ ಕೇಳ್ಬೇಕು? ಇದಕ್ಕೆ ಉತ್ತರ ಸಿಕ್ಕಿದ್ದು ಭಾರತದಿಂದಲೇ ಅಂದ್ರೆ ನಂಬ್ತೀರಾ? ಜಾನ್ ಕೊಲಿಸ್ ಬ್ರೌನ್ ಅನ್ನೋ ಬ್ರಿಟಿಷ್ ಸೇನೆಯ ಡಾಕ್ಟರ್ ಭಾರತದಲ್ಲಿದ್ದಾಗ ಕಾಲರಾಕ್ಕೆ ಅಂತ ಒಂದು ಮಿಶ್ರಣ ಮಾಡಿದ. ಅದರಲ್ಲಿ ಅಫೀಮಿನ ಅರ್ಕ, ಗಾಂಜಾ ಅರ್ಕ, ಕ್ಲೋರೋಫಾರ್ಮ್ ಇತ್ತು. ಹೆಸರು ಕ್ಲೋರೋಡೈನ್. ಹೆಸರು ಕೇಳಿದ್ರೆ ಅಫೀಮಿನ ವಾಸನೆಯೂ ಬರಲ್ಲ, ನೋಡಿ. ಅದು ಎಷ್ಟು ಓಡಿತು ಅಂದ್ರೆ ಫ್ರೀಮನ್ ಅನ್ನೋನು ತಾನೂ ಕ್ಲೋರೋಡೈನ್ ಮಾರೋಕೆ ನಿಂತ. ಜಗಳ 1864ರಲ್ಲಿ ಲಂಡನ್ ಕೋರ್ಟಿಗೆ ಹೋಯಿತು. ಬಾಟಲಿಯೊಳಗೆ ಏನಿದೆ ಅನ್ನೋದಕ್ಕಿಂತ ಬಾಟಲಿಯ ಮೇಲಿನ ಹೆಸರು ಯಾರದು ಅನ್ನೋದು ದೊಡ್ಡ ಪ್ರಶ್ನೆಯಾಯಿತು.

ಇನ್ನೊಂದು ಉದಾಹರಣೆ ಎಲ್ಲರಿಗೂ ಗೊತ್ತಿರೋದೇ, ಆದರೆ ಅದು ಬ್ರಾಂಡ್ ಹೆಸರು ಅಂತ ಬಹಳ ಜನಕ್ಕೆ ಗೊತ್ತಿಲ್ಲ. 1874ರಲ್ಲಿ ಲಂಡನ್ನಿನಲ್ಲಿ ಆಲ್ಡರ್ ರೈಟ್ ಅನ್ನೋ ವಿಜ್ಞಾನಿ ಮಾರ್ಫಿನ್‌ನಿಂದ ಡೈಅಸಿಟೈಲ್‌ಮಾರ್ಫಿನ್ ಮಾಡಿದ. 1898ರಲ್ಲಿ ಜರ್ಮನಿಯ ಬೇಯರ್ ಕಂಪನಿ ಅದನ್ನ ಕೆಮ್ಮಿನ ಔಷಧಿ ಅಂತ ಮಾರುಕಟ್ಟೆಗೆ ಬಿಟ್ಟಿತು. ಇಟ್ಟ ಹೆಸರು ಹೆರಾಯಿನ್, "ವೀರ" ಅನ್ನೋ ಅರ್ಥ ಬರೋ ಹಾಗೆ. ಹೌದು, ಹೆರಾಯಿನ್ ಅನ್ನೋದು ಒಂದು ಕಾಲದಲ್ಲಿ ಔಷಧಿ ಅಂಗಡಿಯ ಬ್ರಾಂಡ್. ಇವತ್ತು ಆ ಹೆಸರಿಗೆ ಜನ ಬೆಚ್ಚಿಬೀಳ್ತಾರೆ. ಅದೇ ವಸ್ತು ಡೈಅಮಾರ್ಫಿನ್ ಅನ್ನೋ ಜನರಿಕ್ ಹೆಸರಿನಲ್ಲಿ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಕಠಿಣ ನೋವಿಗೆ ಬಳಕೆಯಲ್ಲಿದೆ.

ಹೊಸ ಶತಮಾನ, ಹೊಸ ಹೆಸರುಗಳು

ಇಪ್ಪತ್ತನೇ ಶತಮಾನದಲ್ಲಿ ಗಸಗಸೆ ಗಿಡವೇ ಬೇಕಿಲ್ಲದೆ ಪ್ರಯೋಗಾಲಯದಲ್ಲಿ ಇಂಥ ಔಷಧಿ ಮಾಡೋದು ಶುರುವಾಯಿತು. 1930ರ ದಶಕದ ಕೊನೆಗೆ ಜರ್ಮನಿಯಲ್ಲಿ ಪೆಥಿಡಿನ್ ಬಂತು. ನಮ್ಮ ಹೆರಿಗೆ ವಾರ್ಡುಗಳಲ್ಲಿ ಕೆಲಸ ಮಾಡಿದ ಹಳೆಯ ನರ್ಸಮ್ಮಗಳಿಗೆ ಈ ಇಂಜೆಕ್ಷನ್ ಹೆಸರು ಚೆನ್ನಾಗಿ ಗೊತ್ತು. ಜರ್ಮನಿಯಲ್ಲಿ ಅದರ ಬ್ರಾಂಡ್ ಡೊಲಾಂಟಿನ್, ಅಮೆರಿಕದಲ್ಲಿ ಡೆಮೆರಾಲ್. ಅಲ್ಲಿ ಜನರಿಕ್ ಹೆಸರೂ ಬೇರೆ, ಮೆಪೆರಿಡಿನ್. ನಾವು ಪ್ಯಾರಾಸಿಟಮಾಲ್ ಅನ್ನೋದನ್ನ ಅವರು ಅಸಿಟಮಿನೋಫೆನ್ ಅನ್ನೋ ಹಾಗೇ ಇದು. 1960ರ ಸುಮಾರಿಗೆ ಬೆಲ್ಜಿಯಂನ ಪಾಲ್ ಯಾನ್ಸೆನ್ ಫೆಂಟನಿಲ್ ಕಂಡುಹಿಡಿದರು. ಪೆಂಟಜೋಸಿನ್ ಬಂತು, ಅಮೆರಿಕದಲ್ಲಿ ಟಾಲ್ವಿನ್, ನಮ್ಮಲ್ಲಿ ಫೋರ್ಟ್‌ವಿನ್.

ಟ್ರಮಡಾಲ್ ಕಥೆಗೆ ಬರ್ತೀನಿ. 1962ರಲ್ಲಿ ಜರ್ಮನಿಯ ಗ್ರ್ಯೂನೆಂಥಾಲ್ ಕಂಪನಿ ಅದನ್ನ ತಯಾರಿಸಿತು. 1977ರಲ್ಲಿ ಟ್ರಮಾಲ್ ಅನ್ನೋ ಹೆಸರಿನಲ್ಲಿ ಮಾರಿತು. 1995ರಲ್ಲಿ ಅಮೆರಿಕಕ್ಕೆ ಹೋದಾಗ ಅದು ಅಲ್ಟ್ರಾಮ್. ಈ ಕಂಪನಿಯ ಹೆಸರಿನ ಜೊತೆ ಇನ್ನೊಂದು ನೆನಪಿಡೋ ಕಥೆ ಇದೆ. ಥಾಲಿಡೊಮೈಡ್ ಅವರದೇ ಔಷಧಿ, ಗರ್ಭಿಣಿಯರು ತಗೊಂಡು ಸಾವಿರಾರು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದ ಔಷಧಿ. ಜರ್ಮನಿಯಲ್ಲಿ ಅದರ ಹೆಸರು ಕಾಂಟರ್ಗಾನ್, ಬ್ರಿಟನ್ನಿನಲ್ಲಿ ಡಿಸ್ಟಾವಾಲ್, ಬೇರೆ ದೇಶಗಳಲ್ಲಿ ಬೇರೆ ಬೇರೆ. 1961ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಅದನ್ನ ಹಿಂದಕ್ಕೆ ತಗೊಂಡರು, ಕೆನಡಾದಲ್ಲಿ 1962ರ ಮಾರ್ಚ್‌ವರೆಗೂ ಅದು ಅಂಗಡಿಯಲ್ಲಿತ್ತು. ಪೇಪರಿನಲ್ಲಿ ಕಾಂಟರ್ಗಾನ್ ಅಪಾಯ ಅಂತ ಓದಿದ ತಾಯಿಗೆ ತನ್ನ ಕಪಾಟಿನಲ್ಲಿರೋ ಡಿಸ್ಟಾವಾಲ್ ಅದೇ ಅಂತ ಹೇಗೆ ಗೊತ್ತಾಗ್ಬೇಕು? ಜನರಿಕ್ ಹೆಸರು ಯಾಕೆ ದೊಡ್ಡದಾಗಿ ಬರೀಬೇಕು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಹೆಸರಿನಲ್ಲೇ ಜಾಹೀರಾತು ಇಡೋದೂ ಉಂಟು. ಆಕ್ಸಿಕೋಡೋನ್ ಅನ್ನೋ ಹಳೆಯ ಓಪಿಯಾಯ್ಡನ್ನ ಅಮೆರಿಕದ ಪರ್ಡ್ಯೂ ಕಂಪನಿ 1996ರಲ್ಲಿ ಆಕ್ಸಿಕಾಂಟಿನ್ ಅಂತ ಮಾರಿತು. "ಕಾಂಟಿನ್" ಅಂದ್ರೆ ಹೊಟ್ಟೆಯಲ್ಲಿ ನಿಧಾನವಾಗಿ, ಸತತವಾಗಿ ಬಿಡುಗಡೆಯಾಗೋದು. ಹಾಗಾಗಿ ಚಟ ಹತ್ತೋದು ಕಡಿಮೆ ಅಂತ ಡಾಕ್ಟರುಗಳಿಗೆ ನಂಬಿಸಿದರು. ಜನರಿಗೆ ಚಟ ಹತ್ತಿತು, ಜೀವ ಹೋದವು. 2007ರಲ್ಲೂ 2020ರಲ್ಲೂ ಆ ಕಂಪನಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು.

ನಮ್ಮ ದೇಶದ ಬ್ರಾಂಡ್ ಕಾಡು

ಭಾರತದಲ್ಲಿ ಇಷ್ಟೊಂದು ಬ್ರಾಂಡ್ ಯಾಕೆ? ಉತ್ತರ 1970ರ ಪೇಟೆಂಟ್ ಕಾಯ್ದೆಯಲ್ಲಿದೆ. 1972ರಿಂದ ಜಾರಿಗೆ ಬಂದ ಆ ಕಾಯ್ದೆ ಪ್ರಕಾರ ಔಷಧಿಗೆ ಪೇಟೆಂಟ್ ಇಲ್ಲ, ಅದನ್ನ ಮಾಡೋ ವಿಧಾನಕ್ಕೆ ಮಾತ್ರ. ಹಾಗಾಗಿ ನಮ್ಮ ಕಂಪನಿಗಳು ಬೇರೆ ವಿಧಾನದಲ್ಲಿ ಅದೇ ಔಷಧಿ ಮಾಡಿ ಅಗ್ಗಕ್ಕೆ ಕೊಟ್ಟವು. ಬಡವರಿಗೆ ಇದರಿಂದ ದೊಡ್ಡ ಉಪಕಾರವಾಯಿತು. 2005ರಲ್ಲಿ ಈ ನಿಯಮ ಬದಲಾಯಿತು. ಆದರೆ ಅಷ್ಟರಲ್ಲಿ ಒಂದೊಂದು ಸಾಲ್ಟಿಗೂ ಹತ್ತಾರು ಕಂಪನಿ, ಹತ್ತಾರು ಹೆಸರು ಹುಟ್ಟಿಕೊಂಡಿದ್ದವು.

ಇದು ಸರಿಯಲ್ಲ ಅಂತ ಆಗಲೇ ಹೇಳಿದವರಿದ್ದರು. ಜೈಸುಖಲಾಲ್ ಹಾಥಿ ಅವರ ಸಮಿತಿ 1975ರಲ್ಲೇ ಬ್ರಾಂಡ್ ಹೆಸರುಗಳನ್ನ ಹಂತ ಹಂತವಾಗಿ ತೆಗೀಬೇಕು ಅಂತ ಶಿಫಾರಸು ಮಾಡಿತು. ಸರ್ಕಾರ ಐದು ಔಷಧಿಗಳಿಂದ ಶುರುಮಾಡೋಕೆ ಹೊರಟಿತು: ಅನಾಲ್ಜಿನ್, ಆಸ್ಪಿರಿನ್, ಕ್ಲೋರ್‌ಪ್ರೊಮಜಿನ್, ಫೆರಸ್ ಸಲ್ಫೇಟ್, ಪೈಪರಜಿನ್. ಕಂಪನಿಗಳು ಕೋರ್ಟಿಗೆ ಹೋದವು, ಯೋಜನೆ ಅಲ್ಲೇ ನಿಂತಿತು. 2001ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಫಾಲ್ಸಿಗೊ ಮತ್ತು ಫಾಲ್ಸಿಟ್ಯಾಬ್ ಅನ್ನೋ ಎರಡು ಮಲೇರಿಯಾ ಔಷಧಿಗಳ ಜಗಳ ಬಂತು. ಹೆಸರು ಅವಳಿ ಮಕ್ಕಳ ಹಾಗೆ, ಒಳಗಿನ ಸಾಲ್ಟ್ ಬೇರೆ ಬೇರೆ. ಔಷಧಿಯ ಹೆಸರಿನಲ್ಲಿ ಗೊಂದಲವಾದ್ರೆ ಜೀವಕ್ಕೇ ಅಪಾಯ, ಬೇರೆ ಸರಕಿಗಿಂತ ಇಲ್ಲಿ ಬಿಗಿಯಾದ ಅಳತೆಗೋಲು ಬೇಕು ಅಂತ ಕೋರ್ಟ್ ಹೇಳಿತು. ಡಾಕ್ಟರುಗಳು ಜನರಿಕ್ ಹೆಸರನ್ನೇ ಬರೀಬೇಕು ಅಂತ 2016ರಲ್ಲಿ ನಿಯಮ ಬಂತು. 2023ರ ಆಗಸ್ಟಿನಲ್ಲಿ ಅದನ್ನ ಇನ್ನಷ್ಟು ಬಿಗಿ ಮಾಡಿದ ಹೊಸ ನಿಯಮ ಬಂದು, ಮೂರೇ ವಾರದಲ್ಲಿ ತಡೆಹಿಡಿಯಲಾಯಿತು. ಚೀಟಿಗಳಲ್ಲಿ ಈಗಲೂ ಹೆಚ್ಚಾಗಿ ಕಾಣೋದು ಬ್ರಾಂಡ್ ಹೆಸರೇ.

ಹೆಸರು ಅದೇ, ಒಳಗಿನದು ಬೇರೆ

ಒಂದು ಸಾಲ್ಟಿಗೆ ಹತ್ತು ಹೆಸರು ಇರೋದು ಒಂದು ತೊಂದರೆ. ಒಂದು ಹೆಸರಿನೊಳಗೆ ಸಾಲ್ಟ್ ಬದಲಾಗೋದು ಇನ್ನೊಂದು. ಸ್ಪಾಸ್ಮೊ ಪ್ರಾಕ್ಸಿವಾನ್ ಅನ್ನೋ ಹೆಸರು ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುತ್ತೆ. ಹೊಟ್ಟೆ ನುಲಿದ್ರೆ, ಮುಟ್ಟಿನ ನೋವಿಗೆ ಅದೇ ಕ್ಯಾಪ್ಸೂಲ್. ಅದರಲ್ಲಿದ್ದ ಓಪಿಯಾಯ್ಡ್ ಡೆಕ್ಸ್ಟ್ರೊಪ್ರೊಪಾಕ್ಸಿಫೀನ್. ಅಮೆರಿಕದಲ್ಲಿ 1957ರಿಂದ ಡಾರ್ವನ್ ಅಂತ ಮಾರ್ತಿದ್ದ ಅದೇ ಸಾಲ್ಟ್. ಈಶಾನ್ಯ ರಾಜ್ಯಗಳಲ್ಲಿ ಈ ಕ್ಯಾಪ್ಸೂಲಿನ ಪುಡಿಯನ್ನ ನೀರಿಗೆ ಹಾಕಿ ಸೂಜಿಯಿಂದ ಚುಚ್ಚಿಕೊಂಡು ಎಷ್ಟೋ ಯುವಕರು ಹಾಳಾದರು. ಹೃದಯದ ಬಡಿತಕ್ಕೆ ಅಪಾಯ ಅಂತ ಅಮೆರಿಕದಲ್ಲಿ 2010ರಲ್ಲಿ ಇದು ಮಾರುಕಟ್ಟೆಯಿಂದ ಹೋಯಿತು. ನಮ್ಮ ಸರ್ಕಾರ 2013ರ ಮೇ ತಿಂಗಳಲ್ಲಿ ನಿಲ್ಲಿಸಿತು. ಆಮೇಲೆ ಏನಾಯಿತು? ಸ್ಪಾಸ್ಮೊ ಪ್ರಾಕ್ಸಿವಾನ್ ಪ್ಲಸ್ ಅಂತ ಬಂತು. ಹಳೆಯ ಹೆಸರಿಗೆ ಒಂದು ಬಾಲ. ಒಳಗೆ ಈಗ ಟ್ರಮಡಾಲ್.

ಕೆಮ್ಮಿನ ಸಿರಪ್ ಕೋರೆಕ್ಸ್ ಕಥೆಯೂ ಹೀಗೇ. ಅದರಲ್ಲಿ ಕೋಡೀನ್ ಇತ್ತು. ಫೆನ್ಸಿಡಿಲ್‌ನಲ್ಲೂ ಕೋಡೀನ್. ಬಾಂಗ್ಲಾದೇಶ 1982ರಲ್ಲೇ ಫೆನ್ಸಿಡಿಲ್ ನಿಷೇಧಿಸಿದ್ರೂ ಗಡಿಯಾಚೆಯಿಂದ ಕದ್ದು ಹೋಗ್ತಿದ್ದ ಬಾಟಲಿಗಳಿಗೆ ಅಲ್ಲಿನ ಹುಡುಗರು "ಡೈಲ್" ಅಂತ ಅಡ್ಡಹೆಸರಿಟ್ಟಿದ್ದರು. 2016ರ ಮಾರ್ಚಿನಲ್ಲಿ ನಮ್ಮ ಸರ್ಕಾರ 344 ಮಿಶ್ರಣ ಔಷಧಿಗಳನ್ನ ನಿಷೇಧಿಸಿದಾಗ ಕೋರೆಕ್ಸ್ ಕೂಡ ಸಿಕ್ಕಿಬಿತ್ತು, ಪ್ರಕರಣ ಕೋರ್ಟುಗಳಲ್ಲಿ ಸುತ್ತಿತು. ಈಗ ಕೋರೆಕ್ಸ್ ಡಿಎಕ್ಸ್ ಅಂತ ಸಿಗೋದರಲ್ಲಿ ಕೋಡೀನ್ ಇಲ್ಲ, ಬೇರೆ ಸಾಲ್ಟ್ ಇದೆ. ಹೆಸರನ್ನ ನಂಬಿ "ಮೊದಲು ತಗೋತಿದ್ದದ್ದೇ" ಅಂದುಕೊಂಡ್ರೆ ಕೆಲಸ ಕೆಟ್ಟಿತು.

ನಮ್ಮ ದೊಡ್ಡಪ್ಪನ ವಿಷಯ ಹೇಳ್ತೀನಿ. ತೊಡೆಯ ಎಲುಬು ಮುರಿದು ಗಡಿಯಾಚೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು. ಅಲ್ಲಿ ಒಂದು ಗುಳಿಗೆ ಕೊಟ್ಟಿದ್ದರು. ಊರಿಗೆ ಬಂದ ಮೇಲೂ ನೋವು ತಡೀಲಾರದೆ ಇಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿದರು, ಅವರು ಇನ್ನೊಂದು ಬರೆದರು. ಹಳೆಯ ಚೀಟಿ ಯಾರೂ ಕೇಳಲಿಲ್ಲ. ಎರಡು ದಿನಕ್ಕೆ ದೊಡ್ಡಪ್ಪ ಊಟ ಬಿಟ್ಟು ವಾಂತಿ ಮಾಡ್ತಾ ಹಗಲು ರಾತ್ರಿ ಮಲಗೇ ಇದ್ದರು. ವಯಸ್ಸಾಗಿದೆ, ಆಪರೇಷನ್ ಸುಸ್ತು ಅಂತ ಎಲ್ಲರೂ ಅಂದುಕೊಂಡಿದ್ದೆವು. ದೊಡ್ಡಮ್ಮ ಎರಡೂ ಸ್ಟ್ರಿಪ್ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಮೆಡಿಕಲ್‌ನವರ ಮುಂದೆ ಇಟ್ಟರು. ಅವರು ತಿರುಗಿಸಿ ನೋಡಿ, "ಅಮ್ಮಾರ, ಎರಡೂ ಸಾಲ್ಟ್ ಒಂದೇ ಅದ ರೀ. ಹೆಸರು ಬ್ಯಾರೆ ಅಷ್ಟೇ. ಒಂದು ಬಂದ್ ಮಾಡ್ರಿ, ಈಗೇ ಡಾಕ್ಟರಿಗಿ ತೋರಿಸ್ರಿ" ಅಂದರು. ಎರಡೂ ಟ್ರಮಡಾಲ್. ಮಾಸ್ತರಿಕೆ ಮಾಡಿ ರಿಟೈರಾದ ಮನುಷ್ಯ ನಮ್ಮ ದೊಡ್ಡಪ್ಪ, ಇಂಗ್ಲಿಷ್ ಪೇಪರ್ ಓದೋರು. ಓದು ಬರೋರಿಗೇ ಹೀಗಾದ್ರೆ ಓದು ಬಾರದವರ ಗತಿ ಏನು?

ಹೆಸರಿನ ಭಯ

ಇಲ್ಲಿಯವರೆಗೆ ಹೇಳಿದ್ದು ಜಾಸ್ತಿ ಆಗೋ ಅಪಾಯ. ಸಿಗದೇ ಇರೋ ಅಪಾಯವೂ ಇದೆ. 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂತು. ಮಾದಕ ವಸ್ತು ತಡೆಯೋಕೆ ಮಾಡಿದ ಕಾಯ್ದೆ. ಹತ್ತು ವರ್ಷ ಜೈಲಿನ ಭಯ, ಒಂದು ಬಾಟಲಿ ಮಾರ್ಫಿನ್ ಇಡೋಕೆ ನಾಲ್ಕೈದು ಲೈಸೆನ್ಸ್. ಆಸ್ಪತ್ರೆಗಳು ಮಾರ್ಫಿನ್ ಸಹವಾಸವೇ ಬೇಡ ಅಂದವು. ಮುಂದಿನ ಸುಮಾರು ಹನ್ನೆರಡು ವರ್ಷದಲ್ಲಿ ದೇಶದಲ್ಲಿ ಚಿಕಿತ್ಸೆಗೆ ಬಳಕೆಯಾಗ್ತಿದ್ದ ಮಾರ್ಫಿನ್ ಶೇಕಡಾ 90ಕ್ಕಿಂತ ಹೆಚ್ಚು ಕುಸಿಯಿತು. ಜಗತ್ತಿಗೆ ಅಫೀಮು ಬೆಳೆದುಕೊಡೋ ದೇಶದಲ್ಲಿ ಕ್ಯಾನ್ಸರ್ ರೋಗಿಗಳು ನೋವಿನಲ್ಲಿ ಚೀರ್ತಾ ಸತ್ತರು. 2014ರಲ್ಲಿ ಕಾಯ್ದೆ ತಿದ್ದಿದರು. ಮಾರ್ಫಿನ್, ಕೋಡೀನ್, ಫೆಂಟನಿಲ್, ಮೆಥಡೋನ್, ಆಕ್ಸಿಕೋಡೋನ್, ಹೈಡ್ರೋಕೋಡೋನ್ ಈ ಆರನ್ನ ಅಗತ್ಯ ಔಷಧಿ ಅಂತ ಗುರುತಿಸಿ, ಮಾನ್ಯತೆ ಪಡೆದ ಆಸ್ಪತ್ರೆಗೆ ಒಂದೇ ಪರವಾನಗಿ ಸಾಕು ಅಂತ ಮಾಡಿದರು. ಗಮನಿಸಿ, ಕಾನೂನಿನಲ್ಲಿ ಬರೆದಿರೋ ಆರೂ ಜನರಿಕ್ ಹೆಸರು. ಸರ್ಕಾರಕ್ಕೂ ಗೊತ್ತು ನಿಜವಾದ ಹೆಸರು ಯಾವುದು ಅಂತ.

ಬೆಂಗಳೂರಿನಲ್ಲಿ ಕಿದ್ವಾಯಿ ಇದೆ, 1999ರಿಂದ ಕರುಣಾಶ್ರಯ ನಡೀತಿದೆ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನ ಹಣ ತಗೊಳ್ಳದೆ ನೋಡಿಕೊಳ್ಳೋ ಜಾಗ. ಆದರೆ ಕಮಲನಗರದಿಂದ ಬೆಂಗಳೂರು ಒಂದು ರಾತ್ರಿಯ ಪ್ರಯಾಣಕ್ಕಿಂತ ದೂರ. ಕಾಗದದ ಮೇಲೆ ಕಾನೂನು ಬದಲಾದ್ರೂ ಮನಸ್ಸಿನ ಭಯ ಹೋಗಿಲ್ಲ. "ಮಾರ್ಫಿನ್ ಬರೆದಾರ ಅಂದ್ರ ಮುಗೀತು" ಅಂತ ಮನೆಯವರೇ ಗುಳಿಗೆ ಮುಚ್ಚಿಡ್ತಾರೆ. ಅದೇ ಬಳಗದ ಔಷಧಿ ಬೇರೆ ಹೆಸರಿನ ಸ್ಟ್ರಿಪ್‌ನಲ್ಲಿ ಬಂದ್ರೆ ಯೋಚನೆ ಮಾಡದೆ ನುಂಗ್ತಾರೆ. ಒಂದು ಹೆಸರಿಗೆ ಅತಿ ಭಯ, ಇನ್ನೊಂದಕ್ಕೆ ಅತಿ ಸಲಿಗೆ. ಡಾಕ್ಟರ್ ನಿಗಾದಲ್ಲಿ ಸರಿಯಾದ ಪ್ರಮಾಣದ ಮಾರ್ಫಿನ್ ಸಾವಿನ ಚೀಟಿ ಅಲ್ಲ, ಉಳಿದ ದಿನಗಳನ್ನ ನೋವಿಲ್ಲದೆ ಕಳೆಯೋ ದಾರಿ.

ಸ್ಟ್ರಿಪ್ ಓದೋದು ಹೇಗೆ

ಈಗ ನಿಮ್ಮ ಮನೆಯ ಆ ಪ್ಲಾಸ್ಟಿಕ್ ಚೀಲ ತಗೊಳ್ಳಿ. ಮೊಬೈಲ್ ಟಾರ್ಚ್ ಹಾಕಿ. ಸಣ್ಣ ಅಕ್ಷರದ ಸಾಲು ಹುಡುಕಿ, "ಪ್ರತಿ ಗುಳಿಗೆಯಲ್ಲಿ ಇರುವುದು" ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತೆ. ಅದೇ ಸಾಲ್ಟ್. 2018ರ ಸೆಪ್ಟೆಂಬರ್‌ನಿಂದ ಜನರಿಕ್ ಹೆಸರನ್ನ ಬ್ರಾಂಡ್ ಹೆಸರಿಗಿಂತ ಎರಡು ಅಳತೆ ದೊಡ್ಡ ಅಕ್ಷರದಲ್ಲಿ ಹಾಕಬೇಕು ಅನ್ನೋ ನಿಯಮ ಇದೆ. ಆದರೆ ಮೂರು ಅಥವಾ ಹೆಚ್ಚು ಸಾಲ್ಟ್ ಸೇರಿದ ಮಿಶ್ರಣಗಳಿಗೆ ವಿನಾಯಿತಿ. ಹೆಚ್ಚು ಗೊಂದಲ ಇರೋದೇ ಅಂಥವುಗಳಲ್ಲಿ, ಹಾಗಾಗಿ ಅವನ್ನ ಇನ್ನೂ ಎಚ್ಚರದಿಂದ ಓದಿ.

ಹೆಸರಿನ ಬಾಲ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಒಂದೇ ಕುಟುಂಬದ ಔಷಧಿಗಳಿಗೆ ಒಂದೇ ಗುರುತು ಇಡುತ್ತೆ, ನಮ್ಮ ಮನೆತನದ ಹೆಸರಿನ ಹಾಗೆ. ಟ್ರಮಡಾಲ್, ಟಪೆಂಟಡಾಲ್ ಎರಡರಲ್ಲೂ "ಅಡಾಲ್" ಇದೆ. ಬ್ಯುಪ್ರೆನಾರ್ಫಿನ್, ಬ್ಯುಟಾರ್ಫನಾಲ್ ಇವುಗಳಲ್ಲಿ "ಆರ್ಫ್" ಇದೆ. "ಫೆಂಟನಿಲ್" ಅಂತ ಮುಗಿದ್ರೆ ಆ ಮನೆತನ. ಈ ಸೂತ್ರ ಜನರಿಕ್ ಹೆಸರಿಗೆ ಮಾತ್ರ. ಪನಡಾಲ್ ಕೂಡ "ಅಡಾಲ್" ಅಂತಲೇ ಮುಗಿಯುತ್ತೆ, ಅದು ಬ್ರಾಂಡ್, ಒಳಗಿರೋದು ಬರೀ ಪ್ಯಾರಾಸಿಟಮಾಲ್.

ಮೂಲೆಯಲ್ಲಿ ಕೆಂಪು ಗುರುತು ನೋಡಿ. ಆರ್‌ಎಕ್ಸ್ ಅಂದ್ರೆ ಡಾಕ್ಟರ್ ಚೀಟಿ ಬೇಕು. ಅದರ ಮುಂದೆ ಎನ್ ಸೇರಿ ಎನ್‌ಆರ್‌ಎಕ್ಸ್ ಅಂತಿದ್ರೆ ಅದು ಎನ್‌ಡಿಪಿಎಸ್ ಕಾಯ್ದೆಯಡಿ ಬರೋ ಔಷಧಿ. ಟ್ರಮಡಾಲ್ 2018ರ ಏಪ್ರಿಲ್‌ನಲ್ಲಿ ಆ ಪಟ್ಟಿಗೆ ಸೇರಿತು. ಅದಕ್ಕೂ ಮುಂಚೆ 2014ರಿಂದ ಎಚ್1 ಅನ್ನೋ ಪಟ್ಟಿಯಲ್ಲಿತ್ತು. ಆ ಪಟ್ಟಿಯ ಔಷಧಿ ಮಾರಿದ್ರೆ ಡಾಕ್ಟರ್ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಅನ್ನೋದನ್ನ ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಚೀಟಿ ಇಲ್ಲದೆ ಕೊಡಲ್ಲ ಅಂದ್ರೆ ಅವರ ಮೇಲೆ ಸಿಟ್ಟಾಗಬೇಡಿ.

ಕೂಡಿಸಿ ನೋಡಿ. ಅಲ್ಟ್ರಾಸೆಟ್‌ನ ಒಂದು ಗುಳಿಗೆಯಲ್ಲಿ ಟ್ರಮಡಾಲ್ 37.5 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325 ಮಿಲಿಗ್ರಾಂ. ಅದರ ಜೊತೆ ಮೈ ಬಿಸಿ ಅಂತ ಡೋಲೊ 650 ಕೂಡ ಮೂರು ಹೊತ್ತು ತಗೊಂಡ್ರೆ ದಿನಕ್ಕೆ ಪ್ಯಾರಾಸಿಟಮಾಲ್ 2925 ಮಿಲಿಗ್ರಾಂ ಆಯಿತು. ದೊಡ್ಡವರಿಗೆ ಮೇಲಿನ ಮಿತಿ 4000. ಇನ್ನೊಂದು ನೆಗಡಿ ಗುಳಿಗೆ ಸೇರಿದ್ರೆ ಲಿವರಿಗೆ ಪೆಟ್ಟು. ಟ್ರಮಡಾಲ್ ಜೊತೆ ಸಾರಾಯಿ, ನಿದ್ದೆ ಗುಳಿಗೆ ಬೇಡವೇ ಬೇಡ. ಫಿಟ್ಸ್ ಇರೋರು, ಮಾನಸಿಕ ಖಿನ್ನತೆಗೆ ಔಷಧಿ ತಗೊಳ್ಳೋರು ಡಾಕ್ಟರಿಗೆ ಮೊದಲೇ ಹೇಳಿ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಟ್ರಮಡಾಲ್, ಕೋಡೀನ್ ಕೊಡಬೇಡಿ. ಬಹಳ ದಿನ ತಗೊಂಡವರು ಒಮ್ಮೆಲೇ ಬಿಡೋದೂ ಬೇಡ, ಡಾಕ್ಟರ್ ಹೇಳಿದ ಹಾಗೆ ಕಡಿಮೆ ಮಾಡಬೇಕು. ಯಾರಾದ್ರೂ ಎಬ್ಬಿಸಿದ್ರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿದ್ರೆ 108ಕ್ಕೆ ಫೋನ್ ಮಾಡಿ, ಸ್ಟ್ರಿಪ್ ಜೊತೆಗೇ ಒಯ್ಯಿರಿ. ನಲಾಕ್ಸೋನ್ ಅನ್ನೋ ಇಂಜೆಕ್ಷನ್ ಇದೆ, ಓಪಿಯಾಯ್ಡಿನ ಪರಿಣಾಮವನ್ನ ತಿರುಗಿಸುತ್ತೆ. ಯಾವ ಸಾಲ್ಟ್ ಅಂತ ಗೊತ್ತಾದ್ರೆ ಡಾಕ್ಟರಿಗೆ ಅದನ್ನ ಕೊಡೋ ನಿರ್ಧಾರ ಬೇಗ ಆಗುತ್ತೆ.

ಕೊನೆಯದಾಗಿ ಒಂದು ಕೆಲಸ. ನಿಮ್ಮ ಮನೆಯಲ್ಲಿ ದಿನಾ ಗುಳಿಗೆ ತಗೊಳ್ಳೋ ಹಿರಿಯರಿದ್ರೆ ಅವರ ಎಲ್ಲ ಸ್ಟ್ರಿಪ್‌ಗಳ ಹಿಂಬದಿ ಫೋಟೊ ತೆಗೆದು ಮೊಬೈಲಿನಲ್ಲಿ ಒಂದೇ ಕಡೆ ಇಡಿ. ಒಂದು ಹಾಳೆಯಲ್ಲಿ ಸಾಲ್ಟ್ ಹೆಸರನ್ನ ಕನ್ನಡದಲ್ಲಿ ದೊಡ್ಡದಾಗಿ ಬರೆದು, ಅದು ಯಾವುದಕ್ಕೆ, ಎಷ್ಟು ಹೊತ್ತಿಗೆ ಅಂತ ಪಕ್ಕದಲ್ಲಿ ಬರೀರಿ. ಬೀದರ್‌ಗೆ ಹೋಗಲಿ, ಲಾತೂರಿಗೆ ಹೋಗಲಿ, ಆ ಹಾಳೆ ಜೊತೆಗಿರಲಿ. ಹೊಸ ಚೀಟಿ ಕೈಗೆ ಬಂದ ತಕ್ಷಣ ಮೆಡಿಕಲ್‌ನವರಿಗೆ ಒಂದೇ ಪ್ರಶ್ನೆ ಕೇಳಿ: "ಇದರ ಸಾಲ್ಟ್ ಯಾವುದು ರೀ, ಈ ಹಾಳ್ಯಾಗ ಅದಾವೇನು ನೋಡ್ರಿ."

ನಿಮ್ಮ ಊರಲ್ಲಿ ಯಾವ ಗುಳಿಗೆಗೆ ಏನಂತ ಕರೀತಾರೆ ಅಂತ ನಮಗೆ ವಾಯ್ಸ್ ಮೆಸೇಜ್ ಕಳಿಸಿ.